ನಾನು ಬರೆದುಕೊಟ್ಟ ಹೆಸರುಗಳು

ಕಿವಿ ಡಾಕ್ಟರ ಉಗುರುಗಳು ಯಾವಾಗಲೂ ಮಾಂಸಕ್ಕೆ ತಾಗುವಷ್ಟು ಕತ್ತರಿಸಿರುತ್ತಿದ್ದವು. ಯಾರ ಕಿವಿಗೂ ಗೀರು ಬೀಳಬಾರದೆಂದು ಅಷ್ಟು ಎಚ್ಚರ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿ ಕಡೆಯ ಸಣ್ಣ ದವಾಖಾನೆಯೊಂದಕ್ಕೆ ನರ್ಸಾಗಿ ಸೇರಿದಾಗ, ಅವರು ವಾರಕ್ಕೊಮ್ಮೆ ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು.

ಒಮ್ಮೆ ಹತ್ತಿ ಮಿಲ್ಲಿನ ಗೋದಾಮಿನಲ್ಲಿ ಕೆಲಸಗಾರರ ಕಿವಿ ತಪಾಸಣೆ ಇಟ್ಟುಕೊಂಡೆವು. ಬಂದ ಒಬ್ಬೊಬ್ಬರಿಗೂ ಡಾಕ್ಟರು ಮೊದಲು ಹೇಳುತ್ತಿದ್ದುದು ಒಂದೇ ಮಾತು: “ನಿಮಗ ಒಪ್ಪಿಗಿ ಇದ್ರಷ್ಟ ನೋಡ್ತೀನಿ. ಕಂಡದ್ದು ನಿಮಗ ಹೇಳ್ತೀನಿ, ಬ್ಯಾರೆ ಯಾರಿಗೂ ಹೇಳಂಗಿಲ್ಲ.”

ಯಂತ್ರ ರಿಪೇರಿ ಮಾಡುವ ಸಾಬರ ಮೇಸ್ತ್ರಿ ಕೂರದೆ ನಿಂತೇ ಕೇಳಿದರು, “ಮಾಲಕರಿಗೂ ಇಲ್ಲೇನ್ರಿ?”

“ಮಾಲಕರಿಗೂ ಇಲ್ಲ.”

ಆಮೇಲೆ ಕೂತರು. ಮಿಲ್ಲಿನ ಗದ್ದಲಕ್ಕೆ ಅವರ ಎರಡೂ ಕಿವಿ ಅರ್ಧ ಹೋಗಿದ್ದವು.

ಮರುದಿನ ಡಾಕ್ಟರು ಇಲ್ಲದ ಹೊತ್ತಿನಲ್ಲಿ ಮಿಲ್ಲಿನ ಮ್ಯಾನೇಜರ್ ಬಂದ. “ಕಿವಿ ಕೆಟ್ಟವರ ಹೆಸರು ಕೊಡ್ರಿ ಸಿಸ್ಟರ್, ಗದ್ದಲ ಇಲ್ಲದ ಕಡೆ ಹಾಕ್ತೀವಿ” ಅಂದ. ಅವರಿಗೆ ಒಳ್ಳೆಯದಾಗುತ್ತದೆಂದು ಬರೆದುಕೊಟ್ಟೆ. ವಾರದೊಳಗೆ ಅಷ್ಟೂ ಜನರನ್ನು ಕೆಲಸದಿಂದ ತೆಗೆದರು.

ಡಾಕ್ಟರು ಬರುವ ದಿನ ನೋಡಿ ಮೇಸ್ತ್ರಿ ದವಾಖಾನೆಗೆ ಬಂದರು. ಸಿಟ್ಟು ಮಾಡಲಿಲ್ಲ. “ಯಾರಿಗೂ ಹೇಳಂಗಿಲ್ಲ ಅಂದಿದ್ರಲ್ರಿ, ಸಾಹೇಬ್ರ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

“ತಪ್ಪು ನಂದು” ಅಂದರು ಡಾಕ್ಟರು.

ಅಂದೇ ಮಿಲ್ಲಿಗೆ ಹೋಗಿ ಗೇಟಿನ ಮುಂದೆ ಸಂಜೆತನಕ ನಿಂತರಂತೆ. ಒಳಗೆ ಬಿಡಲಿಲ್ಲ. ವಾಪಸು ಬಂದು ನನಗೆ ಹೇಳಿದ್ದು ಇಷ್ಟೇ: “ನೀವು ಕೆಟ್ಟದ್ದು ಬಯಸಿ ಕೊಟ್ಟಿಲ್ಲ, ಗೊತ್ತೈತಿ. ಆದ್ರ ಅದು ಕೊಡಾಕ ನಿಮ್ಮದಲ್ಲ.”

ಆಮೇಲೆ ಮೇಸ್ತ್ರಿಯ ಓಣಿಯಿಂದ ಯಾರೂ ನಮ್ಮ ಬಳಿ ಬರಲಿಲ್ಲ. ಮೇಸ್ತ್ರಿಯ ಏಳು ವರ್ಷದ ಮಗಳ ಕಿವಿ ಸೋರುತ್ತಿತ್ತು. ಮನೆಯಲ್ಲೇ ಬಿಸಿ ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆದಿದ್ದರು. ಕೊನೆಗೆ ಅವಳನ್ನು ಎತ್ತಿಕೊಂಡು ಬಂದಾಗ ಕತ್ತು ಬಿಗಿದು ಮೈ ಕೆಂಡವಾಗಿತ್ತು. ಕೀವು ಮಿದುಳಿಗೆ ಏರಿತ್ತು. ಡಾಕ್ಟರು ತಾವೇ ಅವಳನ್ನು ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಹೊರಟರು. ದಾರಿಯಲ್ಲೇ ಹುಡುಗಿ ಅವರ ತೊಡೆಯ ಮೇಲೆ ಜೀವ ಬಿಟ್ಟಳು. ಹುಡುಗಿಯ ಮಣ್ಣಿಗೆಂದು ಹೋದ ಡಾಕ್ಟರನ್ನು ಮೇಸ್ತ್ರಿ ತಿರುಗಿಯೂ ನೋಡಲಿಲ್ಲ.

ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಸಲಿಲ್ಲ. ಹೆಸರು ಕೊಟ್ಟವಳು ನಾನೆಂದು ಯಾರ ಮುಂದೂ ಬಾಯಿ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಎದೆನೋವಿನಿಂದ ತೀರಿಕೊಂಡರು. ಕೆಲಸಗಾರರ ಹೆಸರು ಮಾರಿಕೊಂಡ ಡಾಕ್ಟರೆಂದೇ ಆ ಓಣಿ ಅವರನ್ನು ಕೊನೆತನಕ ತಿಳಿದಿತ್ತು.

ಅವರ ಮಣ್ಣು ಮುಗಿಸಿಕೊಂಡು ನಾನು ಮೇಸ್ತ್ರಿಯ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಮೆಲ್ಲಗೆ ಹೇಳಿದೆ.

“ಏನಂದ್ರಿ? ಕಿವಿ ಪೂರಾ ಹೋಗ್ಯಾವ. ಜೋರಾಗಿ ಹೇಳ್ರಿ.”

ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಕೂಗಿದೆ: “ಹೆಸರು ಕೊಟ್ಟಾಕಿ ನಾನ್ರಿ! ಡಾಕ್ಟರಲ್ಲ!”

ಮೇಸ್ತ್ರಿ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಹೇಳ್ರಿ ಎಂದು ಕೈಸನ್ನೆ ಮಾಡಿದರು.

ಇನ್ನೊಮ್ಮೆ ಕೂಗಿದೆ.