ಎಂಬತ್ತೊಂದನ್ನು ತೊಂಬತ್ತನಾಲ್ಕು ಎಂದೆ

ಜಯಾ, ನಿನ್ನ ಅವ್ವನ ಕೊನೆಯ ದಿನ ನಾನು ನಿನಗೆ ಸುಳ್ಳು ಹೇಳಿದೆ. ಬಾಯಿತಪ್ಪಿ ಅಲ್ಲ — ಬೇಕೆಂದೇ ಹೇಳಿದೆ.

ಹಂದಿಜ್ವರದ ಆ ವರ್ಷ ಹೊಸೂರಿನ ಆಸ್ಪತ್ರೆಯ ಐಸಿಯುಗೆ ಮನೆಯವರಲ್ಲಿ ಒಬ್ಬರಿಗೆ ಮಾತ್ರ ಪಾಸು. ನಿನ್ನ ಅಣ್ಣನೂ ಜ್ವರ ಬಂದು ಅವಲಪಲ್ಲಿಯ ಮನೆಯಲ್ಲಿ ಮಲಗಿದ್ದರು. ಇಂಗ್ಲಿಷ್ ಓದಿದವಳೆಂದು ಪಾಸು ನನ್ನ ಕೈಗೆ ಬಂತು. ಗಾಜಿನ ಈಚೆ ನಿಂತು ಮಾನಿಟರಿನ ಅಂಕಿ ನೋಡುವುದು, ನಿಮಗೆಲ್ಲ ಫೋನಿನಲ್ಲಿ ಹೇಳುವುದು — ಅಷ್ಟೇ ನನ್ನ ಕೆಲಸ. ಆಕ್ಸಿಜನ್ ತೊಂಬತ್ತರ ಮೇಲಿದ್ದರೆ ಸಮಾಧಾನ ಎಂದು ನಿನಗೆ ಕಲಿಸಿದವಳೂ ನಾನೇ. ಡೆಂಕಣಿಕೋಟೆಯಿಂದ ನೀನು ಮತ್ತೆ ಮತ್ತೆ ಕೇಳುತ್ತಿದ್ದೆ, "ಅತ್ತಿಗೆ, ಈಗೆಷ್ಟೈತೆ?"

ಐದನೆಯ ದಿನ ಮಧ್ಯಾಹ್ನ ಅಂಕಿ ಎಂಬತ್ತೊಂದಕ್ಕೆ ಇಳಿಯಿತು. ಅತ್ತೆಯ ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ಪಿನ ಪಕ್ಕದ ಉಗುರು ನೀಲಿಗಟ್ಟಿತ್ತು. ಅದರ ಅಂಚಿನ ಅರಿಸಿನ ಇನ್ನೂ ಹೋಗಿರಲಿಲ್ಲ. ನರ್ಸ್ ತಮಿಳಿನಲ್ಲಿ ಮೆಲ್ಲಗೆ ಹೇಳಿದಳು — ಮಗಳಿದ್ದರೆ ಈಗಲೇ ಕರೆಸಿ, ನಿಮ್ಮ ಪಾಸಿನಲ್ಲೇ ಬಿಡುತ್ತೇನೆ. ಅಷ್ಟರಲ್ಲಿ ನಿನ್ನ ಫೋನು.

"ಅತ್ತಿಗೆ, ಯಾಕೋ ಎದೆ ಡವಡವ ಅಂತೈತೆ. ಮಗೀನ ಪಕ್ಕದ್ಮನೇಲಿ ಬಿಟ್ಟು ಬಸ್ ಹತ್ತಿಬುಡ್ಲಾ?"

"ತೊಂಬತ್ತನಾಲ್ಕು ಇದೆ. ಏನೂ ಆಗಿಲ್ಲ ಕಣೆ, ನಿಧಾನಕ್ಕೆ ಬಾ."

ಆ ಮಾತು ನಿನ್ನದೇ, ಜಯಾ. ಅದಕ್ಕೆ ಮೂರು ವರ್ಷ ಹಿಂದೆ, ಉದ್ದನಪಲ್ಲಿಯಲ್ಲಿ ನಿನ್ನ ಸೀಮಂತ. ಬೆಳಗ್ಗೆಯೇ ಕೃಷ್ಣಗಿರಿಯಿಂದ ಫೋನು ಬಂದಿತ್ತು — ನನ್ನ ಅಪ್ಪನಿಗೆ ಮೇಲುಸಿರು, ಮಗಳನ್ನು ಕಳಿಸಿ. ಶುಭಕಾರ್ಯದ ಮನೆಯಲ್ಲಿ ಕೆಟ್ಟ ಸುದ್ದಿ ಆಡಬಾರದೆಂದು ನೀನೂ ಅತ್ತೆಯೂ ಆರತಿ ಮುಗಿಯುವವರೆಗೆ ಬಚ್ಚಿಟ್ಟಿರಿ. ನಾನು ನಿನಗೆ ಹಸಿರು ಬಳೆ ಏರಿಸುತ್ತಿದ್ದೆ, ಎಲ್ಲ ಗೊತ್ತಿದ್ದ ನೀನು "ಮೆಲ್ಲಗೆ ಅತ್ತಿಗೆ, ಕಾನ್ವೆಂಟ್ ಕೈ, ಬಳೆ ಒಡೆದ್ಬುಟ್ಟೀರಿ!" ಎಂದು ನಕ್ಕೆ. ಊಟವಾದ ಮೇಲೆ ನೀನೇ ವಿಷಯ ತಿಳಿಸಿ, "ಏನೂ ಆಗಿಲ್ಲ, ನಿಧಾನಕ್ಕೆ ಹೊರಡಿ" ಎಂದೆ. ನಾನು ತಲುಪಿದಾಗ ಅಪ್ಪನನ್ನು ಮಸಣಕ್ಕೆ ಒಯ್ದುಬಿಟ್ಟಿದ್ದರು.

ಫೋನಿಟ್ಟ ಮೇಲೆ — ಇದನ್ನೂ ಬರೆಯಲೇಬೇಕು — ನನಗೆ ಹಾಯೆನಿಸಿತು. ವರಾಂಡಕ್ಕೆ ಬಂದು ಫ್ಲಾಸ್ಕಿನ ಕಾಫಿ ಬಗ್ಗಿಸಿ, ಮಾಸ್ಕು ಇಳಿಸಿ, ಪೂರ್ತಿ ಕುಡಿದೆ. ಸಕ್ಕರೆ ಹದವಾಗಿತ್ತು. ಮರಳಿ ಬಂದಾಗ ಅತ್ತೆ ಬಾಗಿಲ ಕಡೆಗೇ ಮುಖ ತಿರುಗಿಸಿದ್ದರು. ಯಾರನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಸಂಜೆಗೆ ಮುಂಚೆ ಮಾನಿಟರಿನ ಗೆರೆ ನೇರವಾಯಿತು...

ನಿನಗೆ ಮುಖವೂ ಸಿಗಲಿಲ್ಲ. ಚೀಲದಲ್ಲಿ ಸುತ್ತಿ ಕೊಟ್ಟರು. ಆದರೂ ಪ್ರತಿ ವರ್ಷ ತಿಥಿಗೆ ಬಂದು, ಹೆಂಗಸರ ಪಂಕ್ತಿಯಲ್ಲಿ ಮೊದಲ ಎಲೆ ನನಗೇ ಹಾಕುತ್ತೀಯ. "ಕೊನೇಗಾಲಕ್ಕೆ ನೀವಾದ್ರೂ ಪಕ್ಕದಾಗಿದ್ರಲ್ಲ ಅತ್ತಿಗೆ." ನಾನು ತಲೆ ಬಗ್ಗಿಸಿ ಉಣ್ಣುತ್ತೇನೆ.

ತಪ್ಪು ಒಪ್ಪುವಾಗ ಇನ್ನೊಬ್ಬರ ತಪ್ಪು ಎತ್ತಬಾರದೆಂದು ಶಾಲೆಯಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು ಎತ್ತಿಬಿಟ್ಟೆ, ನೋಡು — ಸಿಟ್ಟು ಇನ್ನೂ ಆರಿಲ್ಲ. ಅದು ಆರಲೆಂದು ಕಾದರೆ ಈ ಕಾಗದ ನಿನ್ನ ಕೈ ಸೇರುವುದೇ ಇಲ್ಲ.

ನಾಡಿದ್ದು ತಿಥಿ. ಎಲೆ ಹಾಕುವ ಮುಂಚೆ ಇದನ್ನು ನಿನಗೆ ಕೊಡುತ್ತೇನೆ. ಓದಿದ ಮೇಲೆ ನನಗೆ ಎಲೆ ಹಾಕುವುದೋ, ಬಿಡುವುದೋ — ಬಾಗಿಲಲ್ಲೇ ನಿಂತಿರುತ್ತೇನೆ.