ಯಂತ್ರಕ್ಕಿಟ್ಟ ಕುಂಕುಮ

ಬಾಷಾ ಸಾಬರೇ, ನಿಮ್ಮ ಕಲಾಯಿಯಲ್ಲಿ ಸೀಸ ಇರಲಿಲ್ಲ. ಸೀಸ ಇದ್ದದ್ದು ನನ್ನ ಕೈಯಲ್ಲಿ. ಅದು ನನಗೆ ಅದೇ ಸಂಜೆ ಗೊತ್ತಾಗಿತ್ತು — ಆದರೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಬಟನ್ ಮೊಬೈಲಿನ ಕಾಲ ಅದು. ಗೌರಿಬಿದನೂರಿನಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದ ನನಗೆ, ಕೈಯಲ್ಲೇ ಹಿಡಿದು ಸೀಸ ಅಳೆಯುವ ಹೊಸ ಯಂತ್ರ ಕೊಟ್ಟರು. ಅದರ ಪಟ್ಟಿಯನ್ನು ನೀರಿಗೆ ಅದ್ದಿದರೆ, ಒಳಗೆ ಸಣ್ಣಗೆ ಕರೆಂಟು ಹರಿದು, ಸೀಸ ಎಷ್ಟಿದೆಯೆಂದು ಅಂಕಿ ಬರುತ್ತಿತ್ತು. ಕೈ ತೊಳೆದಿರಬೇಕು, ಪಟ್ಟಿಯ ತುದಿ ಮುಟ್ಟಬಾರದು ಎಂದು ಪುಸ್ತಕದಲ್ಲಿ ಬರೆದಿತ್ತು. ಪೂಜೆ ಮಾಡಬಾರದು ಎಂದೇನೂ ಬರೆದಿರಲಿಲ್ಲವಲ್ಲ! ನಮ್ಮ ಅತ್ತೆ ತಂದುಕೊಟ್ಟಿದ್ದ ಕುಂಕುಮವನ್ನು ಯಂತ್ರಕ್ಕೆ ಧಾರಾಳವಾಗಿ ಹಚ್ಚಿ, ನಿಂಬೆಹಣ್ಣು ಕೊಯ್ದು, ಅದೇ ಕೆಂಪು ಬೆರಳಿನಲ್ಲಿ ಪಟ್ಟಿ ಸಿಕ್ಕಿಸಿಕೊಂಡು ನೇರ ನಿಮ್ಮ ಬೀದಿಗೆ ಬಂದೆ.

ನೀವು ಆಗಷ್ಟೇ ಒಳಗೆ ತವರ ಬಳಿದು ಕಲಾಯಿ ಹಾಕಿದ್ದ ನಮ್ಮ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆನೀರು ಕಾಯಿಸಿ ಅದ್ದಿದೆ. ಅಂಕಿ ಏರಿತು... ಏರುತ್ತಲೇ ಹೋಯಿತು. ಸುತ್ತ ಜನ ಬೇರೆ. ನನಗೋ ಒಳಗೊಳಗೇ ಖುಷಿ — ಮೊದಲ ದಿನವೇ ಕಳ್ಳ ಸಿಕ್ಕಿದ!

“ತವರಕ್ಕೆ ಸೀಸ ಬೆರೆಸ್ತಿದೀರ ಸಾಬ್ರೇ,” ಎಂದೆ, ಇಡೀ ಬೀದಿಗೆ ಕೇಳುವ ಹಾಗೆ.

“ಇನ್ನೊಂದ್ ಸಲ ನೋಡಿ ಸಾರ್. ನಮ್ ಮನೇಲೂ ಇದೇ ಕಲಾಯಿ ಹಾಕಿದ್ ಪಾತ್ರೇಲೇ ಸಾರು ಮಾಡ್ತಾರೆ,” ಎಂದಿರಿ ನೀವು.

“ಮಿಷಿನ್ ಸುಳ್ಳು ಹೇಳಲ್ಲ.”

ನಿಜ, ಅದು ಹೇಳಲಿಲ್ಲ. ಸಂಜೆ ಮನೆಯಲ್ಲಿ ಬರೀ ನಲ್ಲಿ ನೀರಿಗೂ ಅಷ್ಟೇ ಅಂಕಿ ಬಂತು. ಸೋಪು ಹಾಕಿ ಕೈ ತೊಳೆದು, ಹೊಸ ಪಟ್ಟಿ ಅದ್ದಿದೆ. ನೀರಿನಲ್ಲಿ ಏನೂ ಇಲ್ಲ. ನೀವು ಕಲಾಯಿ ಹಾಕಿದ ಪಾತ್ರೆಯಲ್ಲಿ ಮತ್ತೆ ಕಾಯಿಸಿದ ಹುಣಸೆನೀರಿನಲ್ಲೂ ಇಲ್ಲ. ಚಿಟಿಕೆ ಕುಂಕುಮ ಹಾಕಿ ನೋಡಿದೆ — ಇಷ್ಟೊಂದು ಸೀಸ ಅಳೆಯುವುದು ತನ್ನಿಂದಾಗದು ಎಂದು ಯಂತ್ರವೇ ಕೈಚೆಲ್ಲಿತು.

ಕುಂಕುಮದ ಡಬ್ಬಿ ಎಸೆದೆ. ಬೆಕ್ಕು ಉರುಳಿಸಿತು ಎಂದು ಅತ್ತೆಗೆ ಹೇಳಿದೆ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ. ಹೀಗೆ ನನ್ನವರನ್ನು ಕಾಪಾಡಿಕೊಂಡೆ; ನಿಮ್ಮ ಹೆಸರನ್ನು ಮಾತ್ರ...

ಜನ ಸ್ಟೀಲ್ ಪಾತ್ರೆಗೆ ಹೋದರು. ನಿಮ್ಮ ಒಲೆ ಆರಿತು. ನೀವು ಕುಕ್ಕರ್ ರಿಪೇರಿಗೆ ಕೂತಿರಿ, ಆದರೂ ಎದುರಾದಾಗಲೆಲ್ಲ “ಚೆನ್ನಾಗಿದೀರಾ ಸಾರ್?” ಎನ್ನುತ್ತಿದ್ದಿರಿ. ನನಗೆ ನಾಚಿಕೆಯಾಗುತ್ತಿತ್ತು.

ಆ ಪಾತ್ರೆಯನ್ನು ಅಟ್ಟದಿಂದ ಇಳಿಸಿದ್ದೇನೆ. ನಾಳೆ ಬೆಳಿಗ್ಗೆ, ಜನ ಇರುವ ಹೊತ್ತಿಗೇ ನಿಮ್ಮ ಬೀದಿಗೆ ತಂದು, ಅಂದಿನಷ್ಟೇ ಜೋರಾಗಿ ಇದನ್ನೆಲ್ಲ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೂ ಸರಿಯೇ.

ಇನ್ನೊಂದು ಸಲ ನೋಡಿ ಅಂದಿದ್ದಿರಿ. ನೋಡಿದ್ದೆ, ಸಾಬರೇ. ಅದೇ ದಿನ ನೋಡಿದ್ದೆ.