ಗಾಜಿನಲ್ಲಿ ಕೊರೆದ ಗುರುತು

ದುಬೈನಲ್ಲಿದ್ದ ನನ್ನ ಸೋದರಮಾವ ನಮ್ಮ ಮದುವೆಯಲ್ಲಿ ಯಜಮಾನರಿಗೆ ದುಬಾರಿ ವಿದೇಶಿ ವಾಚು ಉಡುಗೊರೆ ಕೊಟ್ಟಿದ್ದರು. ನರಸೀಪುರದ ಗಂಡನ ಮನೆಯಲ್ಲಿ ಭಾವ ಅದನ್ನು ತಿರುಗಿಸಿ ನೋಡಿ, "ಇದು ಡೂಪ್ಲಿಕೇಟ್ ಕಣ್ಲಾ" ಅಂದರು ತಮ್ಮನಿಗೆ. ನನಗೆ ಊಟ ಸೇರಲಿಲ್ಲ. ನಂಜನಗೂಡಿನ ತವರಿಗೆ ಹೋದಾಗ ಬೂತಿನಿಂದ ಸೋದರಮಾವನಿಗೆ ಫೋನ್ ಮಾಡಿದೆ.

"ಆರರ ಅಂಕಿ ಕೆಳಗೆ ಗಾಜಿನಲ್ಲೇ ಕಂಪನಿ ಗುರುತು ಕೊರೆದವ್ರೆ. ಬರಿಗಣ್ಣಿಗೆ ಕಾಣಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡೀಲಿ ನೋಡವ್ವ," ಅಂದರು.

ವಾಪಸ್ ಬಂದವಳು ವಾಚನ್ನೂ ಭೂತಗನ್ನಡಿಯನ್ನೂ ಭಾವನ ಕೈಗೇ ಕೊಟ್ಟೆ. ಅವರು ಜಗಲಿಯ ಬಿಸಿಲಲ್ಲಿ ತುಂಬ ಹೊತ್ತು ನೋಡಿದರು.

"ಐತೆ ಕಣವ್ವ, ಸಾಸಿವೆಗಿಂತ ಸಣ್ಣದು. ನಾನೇ ಸುಮ್ನೆ ಬಾಯಿಬಿಟ್ಟೆ," ಅಂದು ತಾವೇ ಅದನ್ನು ತಮ್ಮನ ಕೈಗೆ ಕಟ್ಟಿದರು. ನಾನು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ. ಆಮೇಲೆ ಹಸಿವಾಯಿತು.